ಗಂಗಾಪುರದ ನಲವತ್ತು ನಿಮಿಷ

ನಾಸಿಕದಲ್ಲಿರುವ ಅಪ್ಪನಿಗೆ ಸಂಭಾಜಿನಗರದಿಂದ ಅಂಬರೀಶನ ನಮಸ್ಕಾರ.

ಗಾಡಿ ಓಡಿಸುವಾಗ ನೀವು ಮಾತಾಡುವುದಿಲ್ಲ. ಹಳೇ ಕಾರಿನಲ್ಲಿ ನೀವು, "ಹಸಿವಾಗೇದೇನು?" ಎಂದು ಕೇಳುವಷ್ಟರಲ್ಲಿ ಪೆಟ್ರೋಲ್ ಹಾಕಿಸಿ ಮುಗಿಯುತ್ತಿತ್ತು. ಮೊನ್ನೆ ನನ್ನನ್ನು ಇಲ್ಲಿಗೆ ಕೆಲಸಕ್ಕೆ ಬಿಡಲು ಬರುವಾಗ ಹೊಸ ಎಲೆಕ್ಟ್ರಿಕ್ ಕಾರು ದಾರಿಯ ಗಂಗಾಪುರದಲ್ಲಿ ನಲವತ್ತು ನಿಮಿಷ ಚಾರ್ಜಿಗೆ ನಿಂತಿತು. ಎರಡು ಸಲ ಚಹಾ ಕುಡಿದ ಮೇಲೆ ನೀವು, "ಸಾಲಿ ಯಾಕ ಬಿಟ್ಟೆಪಾ? ಮಾಸ್ತರ ಹೊಡದ್ರೇನು?" ಎಂದಿರಿ. ನಾನು ಶಾಲೆ ಬಿಟ್ಟ ಈ ಮೂರು ವರ್ಷಗಳಲ್ಲಿ ನೀವು ಅದನ್ನು ಕೇಳಿದ್ದು ಅದೇ ಮೊದಲು. ನಾನು ಸುಮ್ಮನಿದ್ದೆ, ನೀವು ಹೌದೆಂದುಕೊಂಡಿರಿ.

ಯಾರೂ ಹೊಡೆಯಲಿಲ್ಲ ಅಪ್ಪಾ. ಒಂದೇ ಕಡೆ ಕುಳಿತಿರಲು ನನಗೆ ಆಗುತ್ತಿರಲಿಲ್ಲ, ಅಷ್ಟೇ. ಮಾಸ್ತರರನ್ನು ಬೈಯಬೇಡಿರಿ.

ಗಂಗಾಪುರದಲ್ಲಿ ಮಾತ್ರ ನಿಮ್ಮ ಜೊತೆ ನಲವತ್ತು ನಿಮಿಷವೂ ಕುಳಿತಿದ್ದೆ. ದೀಪಾವಳಿಗೆ ಕರೆದೊಯ್ಯಲು ಬರುವಾಗ ದಯವಿಟ್ಟು ಮನೆಯಲ್ಲಿ ಕಾರನ್ನು ಪೂರ್ತಿ ಚಾರ್ಜ್ ಮಾಡಬೇಡಿರಿ.

ನಿಮ್ಮ ಮಗ,
ಅಂಬರೀಶ