ಹೊಗೆಯಜ್ಜಿಯ ಉಸಿರು

ಗುಂಡ್ಲುಪೇಟೆ
8 ಡಿಸೆಂಬರ್ 2024

ಪ್ರೀತಿಯ ಭಾಗ್ಯಳಿಗೆ ಕುಮಾರಿಯ ನೆನಪುಗಳು.

ದಸರೆಗೆ ಮುಂಚೆ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈದುಕೋ, ಬೈಸಿಕೊಳ್ಳುವಷ್ಟು ತಡವಾಗಿದೆ. ಹೊಲಿಗೆ ಕೆಲಸ ಜಾಸ್ತಿ ಇತ್ತು ಎಂದು ಬರೆಯೋಣವೆಂದುಕೊಂಡೆ. ಆದರೆ ಒಂದೇ ಬೆಂಚಿನಲ್ಲಿ ಕೂತು ಓದಿದವಳಿಗೆ ಸುಳ್ಳು ಹೇಳಿದರೆ ದಕ್ಕುತ್ತದೆಯೇ? ಮದ್ದೂರು ಕಾಡಿನ ನಿಮ್ಮ ಕ್ವಾರ್ಟರ್ಸಿಗೆ ಟವರ್ ಸಿಗುವುದಿಲ್ಲವೆಂದು ನೀನು ಗೋಳಾಡುತ್ತೀಯಲ್ಲ, ಈ ಸಲ ಅದೇ ಒಳ್ಳೆಯದಾಯಿತು ಅನ್ನಿಸಿತು. ಫೋನಿದ್ದಿದ್ದರೆ, "ನಿನ್ನ ರೈಲು ಟೀವಿಯಲ್ಲಿ ಮಾತಾಡಿತೇನೆ?" ಎಂದು ದಿನಾ ಕೇಳುತ್ತಿದ್ದೆ ನೀನು.

ಮಾತಾಡಿತು ಕಣೆ. ಆದರೆ ನನ್ನ ದನಿಯಲ್ಲಲ್ಲ. ಹೋದ ಕಾಗದದಲ್ಲಿ ಕುಣಿಯುತ್ತಾ ಅರ್ಧಂಬರ್ಧ ಬರೆದಿದ್ದೆ, ಈಗ ಮೊದಲಿಂದ ಹೇಳುತ್ತೇನೆ.

ಬೇಸಿಗೆಯಲ್ಲಿ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೆವು. ಕೆಳಗೆ ಬಸ್ಸಿಗೆ ಸಾಲು ನಿಂತಿದ್ದಾಗ ನನ್ನ ಮಗಳು ರಂಜು ಹಿಂದೆ ಉಳಿದಳೆಂದು, "ಲೇ ರಂಜೂ, ಮುಂದ್ಕ್ ಬಾ ಕಣಮ್ಮಿ!" ಎಂದು ಕೂಗಿದೆ. ಸಾಲಿಗೆ ಸಾಲೇ ತಿರುಗಿ ನೋಡಿತು. ನನ್ನ ಗಂಟಲು ನಿನಗೆ ಗೊತ್ತಲ್ಲ, ಸ್ಕೂಲಿನ ನಾಟಕದಲ್ಲಿ ಎಲ್ಲಾ ವರ್ಷವೂ ರಾಕ್ಷಸ ನಾನೇ. ರಂಜು ನಾಚಿಕೊಂಡು ಅವರಪ್ಪನ ಬೆನ್ನ ಹಿಂದೆ ಅವಿತುಕೊಂಡಳು. ಅಷ್ಟರಲ್ಲಿ ಶರತ್ ಎನ್ನುವ ಬೆಂಗಳೂರಿನವನೊಬ್ಬ ಓಡಿ ಬಂದು, "ಅಕ್ಕ, ಇನ್ನೊಂದ್ಸಲ ಕೂಗ್ತೀರಾ?" ಎಂದ.

ಮಕ್ಕಳ ಟೀವಿಗೆ ಕಾರ್ಟೂನ್ ಮಾಡುತ್ತಿದ್ದಾನಂತೆ. ನಾಯಕಿ ನಮ್ಮ ಹೊಗೆಯಜ್ಜಿ. ಮೈಸೂರಿಂದ ಚಾಮರಾಜನಗರಕ್ಕೆ ಓಡುತ್ತಿದ್ದ, ಕ್ಯಾಲೆಂಡರು, ಬೇಕರಿ ಡಬ್ಬ ಎಲ್ಲ ಕಡೆ ಚಿತ್ರವಿರುವ ಆ ಹಳೇ ಉಗಿಬಂಡಿಗೆ ಕಣ್ಣು ಬಾಯಿ ಬರೆದು ಜೀವ ಕೊಡುವುದು. ಅಜ್ಜಿಗೆ ದಪ್ಪ ಗಂಟಲು ಬೇಕು, ಇದೇ ಸೀಮೆಯ ಮಾತು ಬೇಕು ಎಂದ. ಗುಂಡ್ಲುಪೇಟೆಗೆ ಇವತ್ತಿಗೂ ರೈಲಿಲ್ಲವಲ್ಲ, ನಮ್ಮ ಯಜಮಾನರು ಶಾಂತರಾಜು, "ರೈಲೇ ಬರ್ದಿರೋ ಊರ್ನೋಳು ರೈಲಾಯ್ತಾಳಂತೆ, ನೋಡನ ಬುಡು" ಎಂದು ಊರೆಲ್ಲ ನಗಾಡಿಕೊಂಡು ಬಂದರು.

ನನಗೆ ಬೇಕಾಗಿದ್ದದ್ದು ಒಂದೇ. ಕಾನ್ವೆಂಟಿಗೆ ಸೇರಿದ ಮೇಲೆ ರಂಜುಗೆ ನಾನು ಬಾಯಿ ಬಿಟ್ಟರೆ ಮುಜುಗರ. ಗೇಟಿನ ಹತ್ತಿರ ಕರೆದರೂ ಕೇಳಿಸದವಳಂತೆ ನಡೆಯುತ್ತಾಳೆ. ಅವಳು ಗೆಳತಿಯರ ಮುಂದೆ ಟೀವಿ ತೋರಿಸಿ, "ಇದು ನಮ್ಮವ್ವನ ದನಿ" ಅನ್ನಬೇಕು, ಅಷ್ಟೇ ನನ್ನ ಆಸೆ.

ಚಾಮರಾಜನಗರದ ಸ್ಟೇಷನ್ ಹತ್ತಿರ, ಮದುವೆ ವಿಡಿಯೋ ಮಾಡುವವರ ಕೋಣೆಯಲ್ಲಿ ರೆಕಾರ್ಡಿಂಗ್. ಗೋಡೆಗೆಲ್ಲ ಸ್ಪಂಜು, ಫ್ಯಾನು ಕೂಡ ಹಾಕುವಂತಿಲ್ಲ, ಸೀರೆ ಒದ್ದೆ ಮುದ್ದೆ. ನಿಜವಾದ ಎಂಜಿನ್ನಿನ ಶಬ್ದ ಹಾಕಿದರೆ ಕುಕ್ಕರ್ ಕೂಗಿದ ಹಾಗಿದೆ, ಮನುಷ್ಯರ ಉಸಿರೇ ಬೇಕು ಎಂದ ಶರತ್. ತುಂಬಿದ ಬಿಂದಿಗೆ ಸೊಂಟದಲ್ಲಿಟ್ಟುಕೊಂಡು ಏರು ಹತ್ತುವುದನ್ನು ನೆನೆದು ಏದುಸಿರು ಬಿಟ್ಟೆ. ಅವನ ಕಣ್ಣಲ್ಲಿ ನೀರೇ ಬಂತು. "ಅಜ್ಜಿ ಎದ್ದು ಬಂದ್ಲು ಅಕ್ಕ, ಎದ್ದೇ ಬಂದ್ಲು" ಎಂದ. ಅವತ್ತು ಬಸ್ಸಿನಲ್ಲಿ ನಿಂತುಕೊಂಡೇ ಊರಿಗೆ ಬಂದೆ, ಕಾಲು ನೋಯಲೇ ಇಲ್ಲ.

ತೊಂದರೆ ಶುರುವಾದದ್ದು ಮಾತಿನಿಂದ. ಕಾಗದದಲ್ಲಿ ನೋಡು, ನನಗೆ ಒಂದು ಹಕಾರವೂ ತಪ್ಪುವುದಿಲ್ಲ. ಬಾಯಿಗೆ ಬಂದರೆ ಅದೆಲ್ಲಿ ಓಡಿಹೋಗುತ್ತದೋ! "ನಾನು ಹೊಗೆಯಜ್ಜಿ, ಹೊರಟೆ ಮಕ್ಕಳೇ" ಎಂದು ಬರೆದುಕೊಟ್ಟರೆ, "ನಾನು ಒಗೆಯಜ್ಜಿ, ಒಂಟೆ ಮಕ್ಳಾ" ಎಂದೆ. ಶರತ್‌ಗೆ ಅದೇ ಇಷ್ಟವಾಯಿತು. ಆದರೆ ಬೆಂಗಳೂರಿನಲ್ಲಿ ಒಂದಷ್ಟು ಮಕ್ಕಳನ್ನು ಕೂರಿಸಿ ತೋರಿಸಿದಾಗ, ಅಜ್ಜಿ ಬಟ್ಟೆ ಒಗೆಯುವುದು ಯಾವಾಗ, ಒಂಟೆ ಎಲ್ಲಿ ಎಂದು ಕೇಳಿದರಂತೆ. ಚಾನೆಲ್ಲಿನ ಮೇಡಂ, "ಕನ್ನಡ ಕಲಿಯೋ ಮಕ್ಕಳು ನೋಡೋದು, ಸರಿಮಾಡಿಸಿ" ಎಂದು ವಾಪಸ್ಸು ಕಳಿಸಿದರು.

ಬಾಯಿಯ ಮುಂದೆ ಮೇಣದಬತ್ತಿ ಹಿಡಿದುಕೊಂಡು ಹೇಳಬೇಕು, ಹ ಅಂದಾಗ ಉರಿ ಬಾಗಬೇಕು ಎಂದು ಶರತ್ ಹೇಳಿಕೊಟ್ಟ. ಮನೆಯಲ್ಲಿ ರಂಜುವೇ ನನ್ನ ಮೇಷ್ಟ್ರು. "ಅಳಿ ಅಲ್ಲ ಕಣವ್ವ, ಹಳಿ! ಉಸ್ರು ಬುಡು, ಇನ್ನೊಸಿ ಬುಡು!" ಎನ್ನುತ್ತಿದ್ದಳು. ನಾನು ಹೆದರಿ ಹೆದರಿ ಬೇಡದ ಕಡೆಯೂ ಹಕಾರ ಹಾಕತೊಡಗಿದೆ. ಆನೆ ಹಾನೆಯಾಯಿತು. ಒಂದು ದಿನ "ಒಲೆ ಮೇಲೆ ಹಕ್ಕಿ ಬೇಯಕ್ ಇಟ್ಟಿವ್ನಿ" ಎಂದುಬಿಟ್ಟೆ. ರಂಜು ನಕ್ಕೂ ನಕ್ಕೂ ನನ್ನ ತೊಡೆಯ ಮೇಲೆ ಬಿದ್ದುಕೊಂಡಳು. ಅವಳು ಹಾಗೆ ನನ್ನ ಮೈಮೇಲೆ ಬಿದ್ದು ನಕ್ಕು ಎಷ್ಟು ಕಾಲವಾಗಿತ್ತೋ. ನಾನು ನಿನಗೆ ಕುಣಿಯುತ್ತಾ ಬರೆದದ್ದು ಆ ದಿನಗಳಲ್ಲೇ. ಮತ್ತೆ ಹೋಗಿ ಎಲ್ಲವನ್ನೂ ಹೊಸದಾಗಿ ಹೇಳಿ ಬಂದೆ. ರಂಜು ಸ್ಕೂಲಿಗೆಲ್ಲ ಸಾರಿದಳು.

ದೀಪಾವಳಿ ಕಳೆದ ಮೇಲಿನ ಭಾನುವಾರ ಬೆಳಿಗ್ಗೆ ಮೊದಲನೇ ಕಂತು ಬಂತು. ಅವಳ ಗೆಳತಿಯರು, ಎದುರುಮನೆ ಪುಟ್ಟಸಿದ್ದಮ್ಮ ಎಲ್ಲರೂ ನಮ್ಮ ಮನೆಯಲ್ಲೇ. ಚಿತ್ರಾನ್ನ ಮಾಡಿದ್ದೆ. ಹೊಗೆಯಜ್ಜಿ ಕಣ್ಣು ಬಿಟ್ಟಳು, ಬಾಯಿ ಬಿಟ್ಟಳು. ಬೇರೆ ಯಾರದೋ ದನಿ, ಕಲ್ಲುಸಕ್ಕರೆಯಂಥ ದನಿ. ಒಂದೊಂದು ಹಕಾರವೂ ಅಚ್ಚುಕಟ್ಟು. ಪುಟ್ಟಸಿದ್ದಮ್ಮ, "ನಿನ್ ಪಾರ್ಟು ಯಾವಾಗ್ ಬತ್ತದೆ ಕುಮಾರಿ?" ಎಂದು ಕೇಳುತ್ತಲೇ ಇದ್ದರು. ಬರುತ್ತದೆ ಬರುತ್ತದೆ ಎಂದು ನಾನೂ ಹೇಳುತ್ತಲೇ ಇದ್ದೆ.

ಅಜ್ಜಿ ಏರು ಹತ್ತುವಾಗ ಏದುಸಿರು ಬಂತು. ಅದು ನನ್ನದು. ನಮ್ಮ ಯಜಮಾನರಿಗೆ ಗೊತ್ತಾಯಿತು, "ಅದು ನಿಂದೇ ಕಣೆ" ಎಂದು ಮೆಲ್ಲಗೆ ಅಂದರು. ನಾನು ಆಸೆಬುರುಕಿ, "ರಂಜೂ, ಇದು ನಾನು ಕಣಮ್ಮಿ" ಎಂದು ಗಟ್ಟಿಯಾಗಿಯೇ ಹೇಳಿದೆ. ಅವಳ ಗೆಳತಿಯೊಬ್ಬಳು, "ಆಂಟಿ, ಉಸಿರು ಎಲ್ರೂ ಬಿಡ್ತಾರಲ್ವಾ?" ಎಂದಳು. ಕೊಂಕಿಲ್ಲ ಪಾಪ, ಅನುಮಾನ ಬಂದು ಕೇಳಿದ್ದು. ರಂಜು ಟೀವಿಯಿಂದ ಕಣ್ಣು ತೆಗೆಯಲಿಲ್ಲ. ಚಿತ್ರಾನ್ನ ಹಾಗೇ ಉಳಿಯಿತು.

ಮಾರನೇ ದಿನ ಶರತ್‌ಗೆ ಫೋನ್ ಮಾಡಿದೆ. ಅವನದೂ ಅಳುವ ದನಿಯೇ. "ಅಕ್ಕ, ಬೇರೆಯವರ ಕೈಲಿ ಮಾತು ಹೇಳಿಸಿದ್ರು. ನಿಮ್ಮ ಉಸಿರು ಬಿಟ್ಟುಕೊಡಲ್ಲ ಅಂತ ಹಟ ಮಾಡಿ ಅದೊಂದನ್ನ ಉಳಿಸ್ಕೊಂಡಿದ್ದೀನಿ" ಎಂದ. ಒಂದೇ ಒಂದು ಮಾತಾದರೂ ಇಡಪ್ಪ, "ಬನ್ನಿ ಮಕ್ಳಾ" ಅನ್ನುವುದರಲ್ಲಿ ಹಕಾರವೇ ಇಲ್ಲವಲ್ಲ ಎಂದು ಬೇಡಿಕೊಂಡೆ. "ಒಬ್ಬಳೇ ಅಜ್ಜಿಗೆ ಎರಡು ದನಿ ಆಗುತ್ತಲ್ಲ ಅಕ್ಕ" ಎಂದ. ಅವನು ಹೇಳುವುದೂ ನಿಜವೇ. ಉಸಿರನ್ನು ಒಂದು ಸಲ ಹಿಡಿದಿಟ್ಟುಕೊಂಡರೆ ಎಲ್ಲಾ ಕಂತಿಗೂ ಆಗುತ್ತದಂತೆ, ಇನ್ನು ನಾನು ಚಾಮರಾಜನಗರಕ್ಕೆ ಹೋಗಬೇಕಾಗಿಲ್ಲ.

ತುಂಬಾ ಸಂಕಟವಾಗುತ್ತದೆ ಭಾಗ್ಯ. ಭಾನುವಾರ ಬೆಳಿಗ್ಗೆ ಹೊಲಿಗೆ ಮಿಷನ್ ಮುಂದೆ ಕೂತರೆ ಬೀದಿಯ ಮನೆಮನೆಯಿಂದ ನನ್ನ ಏದುಸಿರು ಕೇಳಿಸುತ್ತದೆ. ಎದ್ದು ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ. ಇವರು "ಬುಡು ಅತ್ಲಾಗೆ" ಎನ್ನುತ್ತಾರೆ. ಬಿಡಬೇಕು ಅನ್ನುವುದು ನನಗೂ ಗೊತ್ತು, ಆಗುತ್ತಿಲ್ಲ. ಮೇಣದಬತ್ತಿಯ ಚೂರು ಇನ್ನೂ ಇದೆ. ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ಹಚ್ಚಿಕೊಂಡು ಹೇಳಿ ನೋಡುತ್ತೇನೆ. ಯಾಕೆ ಅಂತ ಕೇಳಬೇಡ.

ನನ್ನದೇ ಹೇಳಿಕೊಂಡೆ. ನಿನ್ನ ಯಜಮಾನರು ಪುಟ್ಟಮಾದು ಅಣ್ಣನಿಗೆ, ಕಾಡು ಕಾಯಲು ಹೋದಾಗ ಆನೆ ಓಡಾಡುವ ಕಡೆ ಒಬ್ಬರೇ ಹೋಗಬೇಡಿ ಎಂದು ಹೇಳು. ನಿನ್ನ ಮಂಡಿ ನೋವಿಗೆ ಬಿಸಿ ಶಾಖ ಕೊಡು. ನಿನ್ನ ಮಗ ಚೆನ್ನಾಗಿ ಓದಿ, ನಿನ್ನ ಕೈಹಿಡಿದುಕೊಂಡು ನಾಲ್ಕು ಜನರ ಮುಂದೆ ನಡೆಯುವಂತಾಗಲಿ. ಗೋಪಾಲಸ್ವಾಮಿ ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ಎಂದಿನಂತೆ ನಿನ್ನವಳು,
ಕುಮಾರಿ

ವಿ.ಸೂ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಒಂದು ಮಾತು ಬರೆಯಲು ಕೈ ಬಂದಿರಲಿಲ್ಲ. ಮುಂದಿನ ಶನಿವಾರ ರಂಜು ಸ್ಕೂಲಿನಲ್ಲಿ ತಂದೆ ತಾಯಿಯರ ಮೀಟಿಂಗ್. ಇವತ್ತು ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತಾ, "ನೀನೂ ಬಾ ಅವ್ವ, ಆದ್ರೆ ಮಿಸ್ ಹತ್ರ ಅಪ್ಪ ಮಾತಾಡ್ಲಿ. ನೀನು ಟೀವಿಲಿ ಹೆಂಗಿದ್ದೀಯೋ ಹಂಗೇ ಇದ್ಬುಡು" ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ ಕಣೆ. ನನಗೆ ನೋವಾಗಬಾರದು ಎಂದು ಎಷ್ಟೋ ದಿನ ಯೋಚಿಸಿ ಹೇಳಿದ ಹಾಗಿತ್ತು. ನಾನು ಹೂಂ ಎಂದೆ. ಅಂದ ಮೇಲೆ, ಹಕಾರ ಬಂತೋ ಇಲ್ಲವೋ ಎಂದು ಕನ್ನಡಿಯಲ್ಲಿ ಅವಳ ಮುಖ ನೋಡಿದೆ.