ಪರೀಕ್ಷೆಗೆ ಹಾಕಿದ ಕುರ್ಚಿಗಳು

ಸೋಮವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ ನಿನ್ನ ಮೂದೇವಿ ತಮ್ಮನ ನಮಸ್ಕಾರ.

ಹೌದು, ಕುರ್ಚಿ ಎಳೆದದ್ದು ನಾನೇ. ಜನ ಕೂತಿದ್ದಾಗಲೇ ಎಳೆದೆ. ಭಾವ ಹೇಳಿಕೊಂಡು ತಿರುಗುತ್ತಿರುವಂತೆ ನಾನೇನೂ ಕುಡಿದಿರಲಿಲ್ಲ. ಕುಡಿದಿದ್ದರೆ ಅಷ್ಟು ಕುರ್ಚಿ ಹೊತ್ತುಕೊಂಡು ಎರಡು ಮಹಡಿ ಇಳಿಯಲು ನನ್ನ ಕೈಲಿ ಆಗುತ್ತಿತ್ತಾ? ನೀನು ಶುಕ್ರವಾರದಿಂದ ನನ್ನ ಫೋನು ಕಟ್ ಮಾಡುತ್ತಿದ್ದೀಯ, ಅದಕ್ಕೇ ಈ ಕಾಗದ. ಇದನ್ನು ಹರಿದು ಹಾಕಬಹುದು. ಆದರೆ ಹರಿಯುವ ಮೊದಲು ಓದದೆ ಇರುತ್ತೀಯಾ? ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ?

"ನನ್ನ ಮಗಳ ಕೆಲಸಕ್ಕೆ ಮೊದಲನೇ ದಿನವೇ ಕಲ್ಲು ಹಾಕಿದ" ಅಂತ ನನ್ನವಳ ಹತ್ತಿರ ಅಂದೆಯಂತೆ. ಯಾವ ಕೆಲಸ, ಎಂಥ ಕಲ್ಲು ಅಂತ ಸ್ವಲ್ಪ ಕೇಳಿಸಿಕೋ. ಆಮೇಲೆ ಬೈಯುವುದಿದ್ದರೆ ಬೈ, ನಾನೆಲ್ಲಿಗೂ ಓಡಿ ಹೋಗಲ್ಲ.

ಈ ಊರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವವರ ಗತಿ ನೀನು ಅಲ್ಲಿ ಕೂತರೆ ಗೊತ್ತಾಗುವುದಿಲ್ಲ. ಮೊದಲೇ ಇಲ್ಲಿ ಇದ್ದದ್ದು ಬೆರಳೆಣಿಕೆಯ ಆಫೀಸುಗಳು, ಅದರಲ್ಲಿ ಅರ್ಧಕ್ಕೆ ಬೀಗ. ದೊಡ್ಡ ಊರುಗಳಲ್ಲಿ ಕೆಲಸ ಹೋದವರೆಲ್ಲ ಪೆಟ್ಟಿಗೆ ಕಟ್ಟಿಕೊಂಡು ಇಲ್ಲಿಗೇ ಬಂದು, ಇಲ್ಲಿನ ಹುಡುಗರು ಕೇಳುತ್ತಿದ್ದ ಜಾಗವನ್ನೇ ಅರ್ಧ ಸಂಬಳಕ್ಕೆ ಕೇಳುತ್ತಿದ್ದಾರೆ. ನಮ್ಮ ಗುಂಡುಸೂಜಿ ಇದ್ದ ಕಂಪನಿ ಗೋಡೆಯ ಮೇಲೆ "ನಾವೆಲ್ಲ ಒಂದೇ ಕುಟುಂಬ" ಅಂತ ದಪ್ಪಕ್ಷರದಲ್ಲಿ ಬರೆಸಿತ್ತು. ಒಂದು ಬೆಳಗ್ಗೆ ಇಮೇಲ್ ಕಳಿಸಿ ಕುಟುಂಬವನ್ನೇ ಹೊರಗೆ ಹಾಕಿತು. ನಿನ್ನ ಮಗಳು ಆ ಗೋಡೆಯ ಕೆಳಗೆ ಕೂರುತ್ತಿದ್ದ ಕುರ್ಚಿ ಈಗ ನನ್ನ ಬಾಡಿಗೆ ಕುರ್ಚಿಗಳ ಗೋಡೌನಿನಲ್ಲಿದೆ. ಒರಗಿದರೆ ಕಿರುಗುಟ್ಟುತ್ತದೆ, ಆದರೂ ಅವರ ಕುಟುಂಬಕ್ಕಿಂತ ಗಟ್ಟಿ.

ಆಮೇಲೆ ಯಾರೋ ಮಹಾನುಭಾವರು ಉದ್ಯೋಗ ಮೇಳ ಮಾಡಿದರು. ಕುರ್ಚಿ ನನ್ನವೇ. ಮೇಜಿನ ಈ ಕಡೆ ಕೆಲಸ ಕೇಳುವವರು, ಆ ಕಡೆ "ಈ ಕೋರ್ಸು ಮಾಡಿ ಬನ್ನಿ, ಕೆಲಸ ಗ್ಯಾರಂಟಿ" ಅಂತ ಕೋರ್ಸು ಮಾರುವವರು. ಸಂಜೆ ಕುರ್ಚಿ ಮಡಚಲು ನನಗೆ ಆಳು ಸಾಲದೆ "ಯಾರಾದ್ರೂ ಬರ್ತೀರೇನ್ರಪ್ಪಾ?" ಅಂತ ಕೂಗಿದೆ. ಕೊರಳಿಗೆ ಟೈ ಕಟ್ಟಿದ್ದ ಇಂಜಿನಿಯರುಗಳು ಓಡಿ ಬಂದರು. ಇಡೀ ಮೇಳದಲ್ಲಿ ಕೆಲಸ ಕೊಟ್ಟವನು ನಾನೊಬ್ಬನೇ ಅಕ್ಕಾ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು!

ಇನ್ನು ಆ ಕೋಟಿನ ವಿಷಯ. ಅವನಿಗೊಂದು ಹೆಸರಿದೆ, ನನ್ನ ಪೆನ್ನಿಗೆ ಅದು ಬೇಡ. ಟೈರು ಅಂಗಡಿಯ ಮೇಲೆ ಎರಡನೇ ಮಹಡಿಯಲ್ಲಿ ಅವನ ಆಫೀಸು. ಕೆಳಗಿನಿಂದ ರಬ್ಬರ್ ವಾಸನೆ, ಒಳಗೆ ಫ್ಯಾನಿಲ್ಲದ ಒಂದು ಹಾಲು, ಮೂಲೆಯಲ್ಲಿ ಗಾಜಿನ ಕೋಣೆ. ಆ ಗಾಜಿನೊಳಗೆ ಎ.ಸಿ. ಹಾಕಿಕೊಂಡು, ಚಳಿಯಾಗುತ್ತದೆ ಅಂತ ಕೋಟು ಹಾಕಿಕೊಂಡು ಕೂರುತ್ತಾನೆ. ತಾನೇ ಚಳಿ ಮಾಡಿಕೊಂಡು ತಾನೇ ಹೊದ್ದುಕೊಳ್ಳುವ ಆಸಾಮಿ. ಅವನು ಆಗಾಗ ಕೆಲಸಕ್ಕೆ ಜನ ಬೇಕು ಅಂತ ಜಾಹೀರಾತು ಹಾಕುತ್ತಾನೆ. ಬಂದವರಿಗೆಲ್ಲ ಎರಡು ದಿನದ ಪರೀಕ್ಷೆ. ಒಬ್ಬೊಬ್ಬರಿಗೆ ಒಂದೊಂದು ತುಂಡು ಕೆಲಸ ಕೊಟ್ಟು ಮಾಡಿಸುತ್ತಾನೆ, "ತಿಳಿಸ್ತೀವಿ" ಅಂತ ಕಳಿಸುತ್ತಾನೆ. ತಿಳಿಸುವುದು ಮಾತ್ರ ಇಲ್ಲ. ಗುಂಡುಸೂಜಿಯೂ ಹೋಗಿದ್ದಳು. ಕಾಯುವವರನ್ನು ನಂಬರ್ ಪ್ರಕಾರ ಕರೆಯುವ ಒಂದು ಸ್ಕ್ರೀನು ಮಾಡಿ ಕೊಡು ಅಂದರಂತೆ. ಮಾಡಿದಳು. ಕಾಯುವವರಿಗೆ ಬೇಜಾರಾಗದಿರಲಿ ಅಂತ ಅದರ ಕೆಳಗೆ ಒಂದು ಪುಟ್ಟ ಆಮೆಯನ್ನೂ ಬಿಟ್ಟು ಬಂದಳು.

ಹೋದ ತಿಂಗಳು ಅವಳ ದವಡೆ ಹಲ್ಲು ಊದಿಕೊಂಡಿತಲ್ಲ, ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದವನು ನಾನೇ. ಕೂತಿದ್ದೇವೆ, ಎದುರು ಗೋಡೆಯಲ್ಲಿ ಹೊಸ ಟಿ.ವಿ. ಇವಳು ಇದ್ದಕ್ಕಿದ್ದಂತೆ ಕೆನ್ನೆ ಹಿಡಿದುಕೊಂಡು ಎದ್ದು ನಿಂತು, "ಮಾವಾ! ನನ್ನ ಆಮೆ!" ಅಂತ ಕಿರುಚಿದಳು. ಜನರೆಲ್ಲ ಬೆಂಚಿನ ಕೆಳಗೆ ಬಗ್ಗಿ ಹುಡುಕಿದರು. ನಾನೂ ಹುಡುಕಿದೆ. ಆಮೆ ಇದ್ದದ್ದು ಟಿ.ವಿ.ಯಲ್ಲಿ. ಕತ್ತು ಅಲ್ಲಾಡಿಸಿಕೊಂಡು ನಡೆಯುತ್ತಿತ್ತು. ಪರೀಕ್ಷೆಗೆ ಅಂತ ಮಾಡಿಸಿಕೊಂಡದ್ದನ್ನು ಆ ಕೋಟು ಡಾಕ್ಟರಿಗೆ ಮಾರಿಬಿಟ್ಟಿದ್ದ! ಅವಳು ಮಾಡಿದ ಸ್ಕ್ರೀನೇ ಅವಳ ನಂಬರು ಕರೆಯಿತು. ಹಲ್ಲು ಕೀಳಿಸಿಕೊಳ್ಳಲು ಒಳಗೆ ಹೋದಳು.

ಮಾರನೇ ದಿನ ಜಗಳಕ್ಕೆ ಹೋಗುತ್ತೇನೆ ಅಂತ ಹೊರಟಳು. ವಾಪಸು ಬಂದವಳ ಕೈಯಲ್ಲಿ ಕೆಲಸದ ಆರ್ಡರು! ಏನಾಯಿತು, ಹೇಗಾಯಿತು ಅಂತ ಕೇಳಿದರೆ "ಆಯ್ತು ಬಿಡು ಮಾವ" ಅಂದಳು. ನೀನು ಅಲ್ಲಿ ಕುಣಿದಾಡಿದೆ. ಭಾವ ಕಂಡಕಂಡವರಿಗೆಲ್ಲ "ನನ್ನ ಮಗಳು ನೇಮಕಾತಿ ಮುಖ್ಯಸ್ಥೆ" ಅಂತ ಫೋನು ಮಾಡಿದ. ಮುಖ್ಯಸ್ಥೆ ಅಂದರೆ ಏನು ಮಾಡಬೇಕು ಅಂತ ನೀವಿಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಅದು ಬೇರೆ ಮಾತು.

ಶುಕ್ರವಾರ ಕೋಟಿನ ಆಫೀಸಿಗೆ ಕುರ್ಚಿ ಬೇಕು ಅಂತ ಫೋನು ಬಂತು. ಮೊದಲನೇ ದಿನ ಅವಳನ್ನು ನೋಡಿದ ಹಾಗೂ ಆಯಿತು ಅಂತ ಟೆಂಪೋ ಡ್ರೈವರ ಜೊತೆ ನಾನೇ ಹೋದೆ. ಕುರ್ಚಿ ಹಾಕಿ ಮುಗಿಸುವಷ್ಟರಲ್ಲಿ ಹಾಲಿನ ತುಂಬ ಹುಡುಗರು ಹುಡುಗಿಯರು ಬಂದು ಕೂತರು, ಒಬ್ಬಿಬ್ಬರು ನನ್ನ ವಯಸ್ಸಿನವರೂ ಇದ್ದರು. ಮೇಜು ಗೀಜು ಏನಿಲ್ಲ, ತೊಡೆಯ ಮೇಲೆ ಅವರವರ ಲ್ಯಾಪ್‌ಟಾಪು. ಮುಂದೆ ನಿಂತು "ಎರಡು ದಿನದ ಪರೀಕ್ಷೆ, ಚೆನ್ನಾಗಿ ಮಾಡಿದವರಿಗೆ ಅವಕಾಶ" ಅಂತ ಹೇಳುತ್ತಿದ್ದವಳು ನಮ್ಮ ಗುಂಡುಸೂಜಿ! ನನ್ನ ಕಡೆ ನೋಡಿದಳು, ಥಟ್ಟನೆ ಕಿಟಕಿಯ ಕಡೆ ತಿರುಗಿದಳು. ಆವಾಗ ನನಗೆ ಎಲ್ಲ ತಿಳಿಯಿತು. ಕಳ್ಳತನ ಕಂಡುಹಿಡಿದವಳನ್ನೇ ಕಾವಲಿಗೆ ಇಟ್ಟುಕೊಂಡಿದ್ದಾನೆ ಬೋಳೀಮಗ.

ನನ್ನ ಕೈ ಸುಮ್ಮನಿರಲಿಲ್ಲ. "ಏಳ್ರಪ್ಪಾ, ಕುರ್ಚಿಗಳಿಗೆ ಬೇರೆ ಕಡೆ ಇಂಟರ್ವ್ಯೂ ಇದೆ" ಅಂತ ಎಳೆಯಲು ಶುರುಮಾಡಿದೆ. ಒಬ್ಬನಾದರೂ "ಯಾಕೆ?" ಅಂತ ಕೇಳುತ್ತಾನೆ, ಒಂದು ಗಲಾಟೆಯಾಗುತ್ತದೆ ಅಂದುಕೊಂಡಿದ್ದೆ. ಎಲ್ಲಿಯ ಗಲಾಟೆ! ಒಬ್ಬ "ಅಣ್ಣಾ, ಒಂದ್ನಿಮಿಷ, ಸೇವ್ ಮಾಡ್ಕೋತೀನಿ" ಅಂದ. ಇನ್ನೊಬ್ಬ ತನ್ನ ಕುರ್ಚಿಯನ್ನು ತಾನೇ ಮಡಚಿ ನನ್ನ ಕೈಗೆ ಕೊಟ್ಟು "ಥ್ಯಾಂಕ್ಸ್" ಅಂದ. ಕುರ್ಚಿಯ ಕಳ್ಳನಿಗೆ ಥ್ಯಾಂಕ್ಸ್! ಆಮೇಲೆ ಎಲ್ಲರೂ ಲ್ಯಾಪ್‌ಟಾಪನ್ನು ಕೂಸಿನ ಹಾಗೆ ಎಡಗೈಯಲ್ಲಿ ಎತ್ತಿಕೊಂಡು, ಬಲಗೈಯಲ್ಲಿ ಕುಟ್ಟುತ್ತಾ ನಿಂತರು. ಅಷ್ಟೊಂದು ಓದಿದವರು ಅಷ್ಟು ಸದ್ದಿಲ್ಲದೆ ನಿಂತದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಬೆನ್ನುಮೂಳೆಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದರೋ ಏನೋ.

ಕೋಟು ಗಾಜಿನೊಳಗಿನಿಂದ ಬೆರಳಾಡಿಸಿತು. ಆಗ ನಿನ್ನ ಮಗಳು ಬಾಯಿ ಬಿಟ್ಟಳು. "ಟೈಮ್ ಹೋಗ್ತಿದೆ, ಎಲ್ಲರೂ ನೆಲದ ಮೇಲೆ ಕೂತ್ಕೊಂಡು ಮುಂದುವರಿಸಿ."

ಕೂತರು ಅಕ್ಕಾ. ಇಸ್ತ್ರಿ ಪ್ಯಾಂಟಿನಲ್ಲಿ, ಧೂಳಿನ ಮೇಲೆ. ನಾನು ಕೊನೆಯ ಕುರ್ಚಿ ಹೊತ್ತುಕೊಂಡು ಇಳಿದುಬಿಟ್ಟೆ.

ಸಂಜೆ ಗೋಡೌನಿಗೆ ಬಂದಳು. ನನ್ನವಳ ಮುಂದೆ ಮಾತು ಬೇಡ ಅಂತ ನಮ್ಮ ಮನೆಗೆ ಹೋಗದೆ ನೇರ ಅಲ್ಲಿಗೇ ಬಂದಿದ್ದಳು.

"ನಿನಗೆ ನಗು ಬಂತಾ ಮಾವ?"

"ಇಲ್ಲ ಕಣೆ."

"ಮತ್ಯಾಕೆ ಮಾಡ್ದೆ?"

"ನಿನ್ನ ಆಮೆ ಕದ್ದವನಿಗೆ ನೀನೇ ಇನ್ನಷ್ಟು ಆಮೆ ಹಿಡಿದು ಕೊಡ್ತಿದ್ದೀಯಲ್ಲೇ!"

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುವುದು ನನಗೆ ಬರುತ್ತಿತ್ತು. "ಕೆಲಸ ಹೋದಾಗಿಂದ ದಿನಾ ಬೆಳಗ್ಗೆ ಸ್ನಾನ ಮಾಡಿ, ಇಸ್ತ್ರಿ ಬಟ್ಟೆ ಹಾಕ್ಕೊಂಡು, ನಿಮ್ಮನೆ ಮೇಲಿನ ರೂಮಲ್ಲೇ ಬಾಗಿಲು ಹಾಕ್ಕೊಂಡು ಕೂತಿರ್ತಿದ್ದೆ ಮಾವ. ಇವತ್ತು ಚಪ್ಪಲಿ ಹಾಕ್ಕೊಂಡು ಹೊರಗೆ ಹೋದೆ. ಅದು ನಿನಗೆ ಗೊತ್ತಾಗಲ್ಲ" ಅಂದಳು.

"ಅವರಲ್ಲಿ ಒಬ್ಬರಿಗಾದ್ರೂ ಕೆಲಸ ಕೊಡ್ತಾನಾ ಅವನು?"

"ಇಲ್ಲ" ಅಂದಳು. ಯೋಚನೆಯನ್ನೂ ಮಾಡಲಿಲ್ಲ.

ಆಮೇಲೆ ವಿಷಯ ಹೇಳಿದಳು. ಸೋಮವಾರ ಇನ್ನೊಂದು ಗುಂಪು ಬರುತ್ತದೆ. ನಾನೇ ಹೋಗಿ ಕುರ್ಚಿ ಹಾಕಿ, ಎಲ್ಲರೆದುರು ಕೋಟಿನ ಹತ್ತಿರ ಕ್ಷಮೆ ಕೇಳಬೇಕು. ಇಲ್ಲದಿದ್ದರೆ ಅವಳೂ ಬರುವುದು ಬೇಡವಂತೆ. "ಕುರ್ಚಿ ಬಾಡಿಗೆಗಿದೆ, ಕ್ಷಮೆ ಬಾಡಿಗೆಗಿಲ್ಲ" ಅಂದೆ. ಹಾಲು ಹಲ್ಲಿದ್ದಾಗಿನಿಂದ ನನ್ನ ಹಳಸಲು ಜೋಕಿಗೆಲ್ಲ ನಗುತ್ತಿದ್ದ ಹುಡುಗಿ ಈ ಸಲ ನಗಲಿಲ್ಲ. "ನೀನು ಹೇಗೆ ಹೇಳ್ತೀಯೋ ಹಾಗೆ ಮಾವ" ಅಂತ ಎದ್ದು ಹೋದಳು.

ನನ್ನ ತಲೆಗೆ ಕಟ್ಟಿ ಹೋದಳು ನೋಡು. ಆ ಕೋಟಿನ ಮುಂದೆ ಕೈಮುಗಿಯುವುದಕ್ಕಿಂತ ಅವನ ಟೈರು ಅಂಗಡಿಯ ಪಕ್ಕದ ಚರಂಡಿಗೆ ಕೈಮುಗಿಯಬಹುದು, ಅದಕ್ಕಾದರೂ ಹರಿಯುವ ಕೆಲಸವಿದೆ. ನೀನಾದರೆ "ಏನಾದರೂ ಮಾಡಿ ಅವಳ ಕೆಲಸ ಉಳಿಸು" ಅಂತ ನನ್ನವಳ ಹತ್ತಿರ ಹೇಳಿ ಕಳಿಸುತ್ತೀಯ. ಭಾವನಿಗೆ ಮುಖ್ಯಸ್ಥೆಯ ಅಪ್ಪನಾಗುವ ಆಸೆ. ನಾನು ಏನು ಮಾಡಿದೆ ಅಂತ ತಾನೇ ನಿಮಗೆ ಬೇಕಾಗಿರುವುದು? ಹೇಳುತ್ತೇನೆ ಕೇಳು. ನಾನು ಎರಡು ದಿನ ಯೋಚನೆ ಮಾಡಿ—

ತಡಿ, ನನ್ನವಳು ಕೂಗುತ್ತಿದ್ದಾಳೆ. "ತಟ್ಟೆ ಹಾಕಿ ಎಷ್ಟು ಹೊತ್ತಾಯ್ತು, ಬರ್ತೀರೋ, ಆ ಕಾಗದಾನೇ ತಿಂತೀರೋ?" ಅನ್ನುತ್ತಿದ್ದಾಳೆ. ಎರಡನೇ ಸಲ ಕೂಗಿಸಿಕೊಂಡರೆ ನನ್ನ ಕುರ್ಚಿಯನ್ನೇ ಎಳೆಯುತ್ತಾಳೆ. ಹೊರಟೆ.

ನಿನ್ನ ಬೈಗುಳಕ್ಕೆ ಕಾದಿರುವ,
ತಮ್ಮ

ತಾ.ಕ.: ಅರ್ಧ ಊಟಕ್ಕೇ ಎದ್ದು ಬಂದೆ, ಬರೆದುಬಿಡುತ್ತೇನೆ. ಬೆಳಗ್ಗೆಯೇ ಹೋಗಿ ಕುರ್ಚಿ ಹಾಕಿದೆ. ಬೇಗ ಬಂದು ಕೂತಿದ್ದವರೆದುರು ಕೋಟಿನ ಮುಂದೆ ಕೈಯನ್ನೂ ಮುಗಿದೆ, ಒಂದು ಜೋಕನ್ನೂ ಹೇಳಲಿಲ್ಲ. ನಿನ್ನ ಮಗಳ ಕೆಲಸ ಉಳಿದಿದೆ, ಭಾವನಿಗೆ ಹೇಳು. ಇಳಿದು ಬರುವಾಗ ಗುಂಡುಸೂಜಿ ಮೆಟ್ಟಿಲ ಮೇಲೆ ನಿಂತು, ಇನ್ನೂ ಹತ್ತಿ ಬರುತ್ತಿದ್ದ ಒಬ್ಬೊಬ್ಬರ ಕಿವಿಯಲ್ಲೂ "ಇಲ್ಲಿ ಯಾರಿಗೂ ಕೆಲಸ ಸಿಗಲ್ಲ, ಪುಕ್ಕಟೆ ಮಾಡಿಸ್ಕೊಂಡು ಕಳಿಸ್ತಾರೆ, ವಾಪಸು ಹೋಗಿ" ಅಂತ ಹೇಳುತ್ತಿದ್ದಳು. ಎಲ್ಲರೂ ತಲೆಯಾಡಿಸಿ, ಒಳಗೆ ಹೋಗಿ, ನನ್ನ ಕುರ್ಚಿಯಲ್ಲೇ ಕೂತರು. ಒಬ್ಬಳು ಮಾತ್ರ ನಿಂತಳು. ಸದ್ಯ, ಒಬ್ಬಳಾದರೂ ವಾಪಸು ಹೋಗುತ್ತಾಳೆ ಅಂದುಕೊಂಡೆ. ಅವಳು ಗುಂಡುಸೂಜಿಯ ಹತ್ತಿರ ಸರಿದು ಮೆಲ್ಲಗೆ ಕೇಳಿದಳು: "ಅಕ್ಕಾ, ಮತ್ತೆ ನಿಮಗೆ ಹೇಗೆ ಸಿಕ್ತು?"