ಅಪ್ಪನ ಕೋಣೆಯ ಗಾಳಿ

ಡಿಸೆಂಬರ್ 3

ಇವತ್ತೂ ಲ್ಯಾಬಿನ ಮಷೀನಿಗೆ ಸಿಗರೇಟು ಸೇದಿಸಿದ್ದಾಯಿತು. ಹೊಗೆ ಬಿಳಿ ಪ್ಯಾಡಿನ ಮೇಲೆ ಕೂತು ಕಂದಾಗುತ್ತದೆ. ಅದನ್ನು ದೊಡ್ಡ ಮ್ಯಾಗ್ನೆಟ್ಟಿನ ನಡುವೆ ಇಟ್ಟರೆ ಸ್ಕ್ರೀನಿನಲ್ಲಿ ಗೆರೆ ಮೇಲೇಳುತ್ತದೆ. ಅದೇ ಹೊಗೆಯೊಳಗಿನ ಫ್ರೀ ರ್‍ಯಾಡಿಕಲ್‌ನ ಗುರುತು. ಸಿಕ್ಕ ಜೀವಕೋಶದ ಮೇಲೆಲ್ಲ ಎರಗುವ ಪುಂಡ. ಹೋಲಿಸಲು ಹೊಗೆಯಿಲ್ಲದ ಮನೆಯ ಪ್ಯಾಡ್ ಬೇಕಂತೆ.

"ನಿಮ್ಮ ಮನೇಲಿ ಯಾರೂ ಸೇದಲ್ವಲ್ಲ?" ಎಂದರು ನಮ್ಮ ಗೈಡ್ ಸರ್.

ಅಪ್ಪನ ಕೋಣೆಗಿಂತ ಶುದ್ಧ ಜಾಗ ಇನ್ನೆಲ್ಲಿ? ಶ್ವಾಸಕೋಶ ಕೈಕೊಟ್ಟ ಮೇಲೆ ಸಿಗರೇಟು ಬಿಟ್ಟರು. ಈಗ ಇಡೀ ದಿನ ಮೂಗಿಗೆ ಆಕ್ಸಿಜನ್ ನಳಿಕೆ.

ಡಿಸೆಂಬರ್ 4

ಗಾಳಿ ಎಳೆಯುವ ಪುಟ್ಟ ಪಂಪಿಗೆ ಪ್ಯಾಡ್ ಸಿಕ್ಕಿಸಿ ಅಪ್ಪನ ಕಪಾಟಿನ ಮೇಲಿಟ್ಟೆ.

"ನನ್ನ ಗಾಳಿಗೂ ಪರೀಕ್ಷೆನಾ? ಪಾಸ್ ಮಾಡ್ಸು ತಾಯಿ!" ನಗಲು ಹೋಗಿ ಕೆಮ್ಮಿದರು.

ಡಿಸೆಂಬರ್ 6, ಮಧ್ಯಾಹ್ನ

ಗೆರೆ ಎದ್ದಿತು! ಸಿಗರೇಟಿನ ಗೆರೆ ಏಳುವ ಜಾಗದಲ್ಲೇ. ಸರ್ ಉರಿದುಬಿದ್ದರು. "ಪ್ಯಾಡ್ ಅದಲುಬದಲು ಮಾಡಿದೀರಿ. ಕಣ್ಣು ಎಲ್ಲಿಟ್ಟಿದ್ರಿ?" ನನ್ನ ಗ್ಲೌಸೇ ಹೊಲಸಾಗಿರಬೇಕು.

ಸಂಜೆ

ತಡೆಯಲಾಗದೆ ಅಪ್ಪನನ್ನೇ ಕೇಳಿಬಿಟ್ಟೆ. ನನ್ನ ತಲೆಯ ಮೇಲೆ ಕೈಯಿಟ್ಟರು. "ನಿನ್ನಾಣೆ ಮಗಳೇ, ಸಿಗರೇಟು ಮುಟ್ಟಿಲ್ಲ."

ಛೇ... ಮಷೀನಿನ ಮಾತು ಕೇಳಿ ಹೆತ್ತಪ್ಪನ ಮೇಲೆ ಅನುಮಾನ! ನಾಚಿಕೆಯಾಗುತ್ತಿದೆ. ಪ್ಯಾಡೇ ಕೆಟ್ಟಿತ್ತು ಎಂದು ಸರ್‌ಗೆ ಹೇಳಿದರಾಯಿತು.

ಡಿಸೆಂಬರ್ 11

ಹೊರಗೆ ಕೊರೆಯುವ ಚಳಿ. ಅಪ್ಪನ ಕಿಟಕಿ ಹಾರುಹೊಡೆದಿತ್ತು. ಸೆಕೆಯಂತೆ. ದಿಂಬಿನ ಕವರಿನಲ್ಲಿ ಸಣ್ಣ ತೂತು, ಅಂಚು ಕಪ್ಪು. ಇಸ್ತ್ರಿ ಜಾಸ್ತಿ ಕಾದಿರಬೇಕು. ಹೌದು, ಇಸ್ತ್ರಿಯೇ.

ಇನ್ನೊಂದು ಪ್ಯಾಡ್ ಇಟ್ಟು ಬಂದೆ.

ಡಿಸೆಂಬರ್ 13, ಮಧ್ಯಾಹ್ನ

ಹೊಸ ಗ್ಲೌಸ್. ಪ್ಯಾಡನ್ನು ಸರ್ ಕೈಯಿಂದಲೇ ಇಡಿಸಿದೆ. ಗೆರೆ ಮೊದಲಿಗಿಂತ ಎತ್ತರ.

ಈ ಸಲ ಸರ್ ಬೈಯಲಿಲ್ಲ. "ಆ ರೂಮಲ್ಲಿ ಆಕ್ಸಿಜನ್ ಇದೆ ಅಂದಿದ್ರಲ್ಲ?" ಎಂದರು, ಮೆಲ್ಲಗೆ.

ಇಸ್ತ್ರಿಯಲ್ಲ. ಅಯ್ಯೋ, ಅದು ಇಸ್ತ್ರಿಯಲ್ಲ! ಆಕ್ಸಿಜನ್ ಕುಡಿದ ಹಾಸಿಗೆಗೆ ಒಂದು ಕಿಡಿ ಸಾಕು.

ಆಟೋದಲ್ಲಿ

ಅಪ್ಪ ಫೋನ್ ಎತ್ತುತ್ತಿಲ್ಲ. ಮತ್ತೆ ಮಾಡಿದೆ. ಇಲ್ಲ. ಬರೆಯದಿದ್ದರೆ ತಲೆ ಕೆಡುತ್ತದೆ. ಸಿಟ್ಟು ಬರುತ್ತಿದೆ, ಅಳುವೂ ಬರುತ್ತಿದೆ. ಆಣೆ ಹಾಕಿದ್ದು ನನ್ನ ಮೇಲೆ ತಾನೇ ಅಪ್ಪಾ, ಅದರ ಪಾಪ ನನಗೇ ತಟ್ಟಲಿ. ನಿಮಗೆ ಬೇಡ.

ಸಿಗ್ನಲ್ ಬಿಡುತ್ತಿಲ್ಲ. ಮನೆಯ ಇನ್ನೊಂದು ಕೀ ಪಕ್ಕದ ಮನೆ ಆಂಟಿ ಹತ್ತಿರ ಇದೆ, ಅವರನ್ನೇ ಕೇಳಬೇಕು...

ಅವರದೇ ಫೋನ್ ಬರುತ್ತಿದೆ. ನಾನಿನ್ನೂ ಮಾಡೇ ಇಲ್ಲ. ಅವರೇ ಯಾಕೆ —